ವಿದೇಶಿ ಕೆಲಸಗಾರನ ಪರ್ಮಿಟ್

ಸಿಂಗಪುರದ ಕಟ್ಟಡ ಕಂಪನಿಯೊಂದು ನಮ್ಮೂರಿನ ಹುಡುಗನಿಗೆ ಕೆಲಸ ಕೊಡಲು ಒಪ್ಪಿದೆ. ಕಂಪನಿಯೇ ಒಪ್ಪಿದ ಮೇಲೆ ಸರ್ಕಾರದ ಅನುಮತಿ ಯಾಕೆ?

ಪರ್ಮಿಟ್‌ಗೆ ಅರ್ಜಿ ಹಾಕಬೇಕಾದದ್ದು ಹುಡುಗನಲ್ಲ, ಕಂಪನಿ. ಅಲ್ಲಿನ ಮಾನವಶಕ್ತಿ ಸಚಿವಾಲಯ ಮೊದಲು ತಲೆ ಎಣಿಸುತ್ತದೆ: ಕಟ್ಟಡ ಕ್ಷೇತ್ರದಲ್ಲಿ ಒಬ್ಬ ಸ್ಥಳೀಯ ನೌಕರನಿದ್ದರೆ ಹೆಚ್ಚೆಂದರೆ 5 ಮಂದಿ ಪರ್ಮಿಟ್ ಕೆಲಸಗಾರರು. ಹೊರಗಿನವರ ಅಗ್ಗದ ದುಡಿಮೆ ಅಲ್ಲಿಯವರ ಕೆಲಸಕ್ಕೆ ಕುತ್ತು ತರಬಾರದು ಎಂಬುದೇ ಉದ್ದೇಶ. ಅದೇ ಕಾರಣಕ್ಕೆ ಪ್ರತಿ ವಿದೇಶಿ ಕೆಲಸಗಾರನಿಗೂ ಕಂಪನಿ ತಿಂಗಳು ತಿಂಗಳು ಸರ್ಕಾರಕ್ಕೆ ಸುಂಕ ಕಟ್ಟಬೇಕು. ಅದನ್ನು ಅವನ ಸಂಬಳದಲ್ಲಿ ಮುರಿದುಕೊಳ್ಳುವಂತಿಲ್ಲ.

ಲೆಕ್ಕ ಸರಿಹೋದರೆ ತಾತ್ವಿಕ ಒಪ್ಪಿಗೆ ಪತ್ರ ಬರುತ್ತದೆ. ಹುಡುಗ ಅಲ್ಲಿಗೆ ತಲುಪುವ ಮೊದಲೇ ಕಂಪನಿ 5,000 ಸಿಂಗಪುರ ಡಾಲರ್‌ಗಳ ಭದ್ರತಾ ಬಾಂಡ್ ಒದಗಿಸಬೇಕು. ಇದು ಬಾಡಿಗೆ ಮನೆಯ ಅಡ್ವಾನ್ಸ್ ಇದ್ದಂತೆ. ಸಮಯಕ್ಕೆ ಸಂಬಳ ಕೊಡದಿದ್ದರೆ ಸರ್ಕಾರ ಆ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಅಲ್ಲಿಗೆ ಹೋದ ಮೇಲೆ ವೈದ್ಯಕೀಯ ಪರೀಕ್ಷೆ, ಆಮೇಲೆ ಪರ್ಮಿಟ್. ಅದರಲ್ಲಿ ನಮೂದಾದ ಮಾಲೀಕನ ಬಳಿ ಮಾತ್ರ ದುಡಿಯಬಹುದು.

ಇಷ್ಟರಲ್ಲಿ ಕೆಲಸಗಾರನಿಗೆ ಅತಿಮುಖ್ಯವಾದದ್ದು ಆ ಒಪ್ಪಿಗೆ ಪತ್ರ. ಮೂಲ ಸಂಬಳ, ಭತ್ಯೆ, ಕಡಿತಗಳು ಎಲ್ಲವೂ ಅದರಲ್ಲಿರುತ್ತವೆ. ವಿಮಾನ ಹತ್ತುವ ಮೊದಲೇ ಅದು ಅವನ ಕೈಸೇರಬೇಕು. ಏಜೆಂಟ್ ಬಾಯಲ್ಲಿ ಹೇಳಿದ ಸಂಬಳಕ್ಕೂ ಪತ್ರದಲ್ಲಿರುವುದಕ್ಕೂ ತಾಳೆಯಾಗದಿದ್ದರೆ ಸಾಲ ಮಾಡುವ ಮುಂಚೆಯೇ ಪ್ರಶ್ನಿಸಲಿ.