ನಿಮಗಿದು ಗೊತ್ತೇ? ‘ಮದಾಂ ಡ್ಯುಬಾರಿ’ ಎಂಬ ಮೂಕಿಚಿತ್ರ, ಅದರ ಹಿಂದಿನ ನಿಜವಾದ ಹೆಂಗಸು

ಬರ್ಲಿನ್ನಿನ ಪ್ರಸಿದ್ಧ ಚಿತ್ರಮಂದಿರ ‘ಉಫಾ ಪಲಾಸ್ಟ್ ಆಮ್ ಝೂ’ ಬಾಗಿಲು ತೆರೆದದ್ದು 1919ರ ಸೆಪ್ಟೆಂಬರ್ 18ರಂದು. ಅಂದು ಅಲ್ಲಿ ತೆರೆಕಂಡ ಚಿತ್ರ ‘ಮದಾಂ ಡ್ಯುಬಾರಿ’. ಜರ್ಮನಿ ಮಹಾಯುದ್ಧದಲ್ಲಿ ಸೋತು ಇನ್ನೂ ವರ್ಷ ತುಂಬಿರಲಿಲ್ಲ. ವರ್ಸೈಲ್ಸ್ ಒಪ್ಪಂದಕ್ಕೆ ಸಹಿ ಬಿದ್ದು ಮೂರು ತಿಂಗಳೂ ಕಳೆದಿರಲಿಲ್ಲ. ಸಹಿ ಬಿದ್ದದ್ದು ಯಾವ ಅರಮನೆಯಲ್ಲೋ, ಚಿತ್ರದ ಕಥೆ ನಡೆಯುವುದೂ ಅದೇ ಅರಮನೆಯಲ್ಲಿ!

ನಿರ್ದೇಶಕ ಅರ್ನ್ಸ್ಟ್ ಲ್ಯೂಬಿಚ್‌ಗೆ ಆಗ ಬರೀ 27 ವರ್ಷ. ಬರ್ಲಿನ್ನಿನ ದರ್ಜಿಯೊಬ್ಬರ ಮಗ. ರಂಗಭೂಮಿಯ ದಿಗ್ಗಜ ಮ್ಯಾಕ್ಸ್ ರೈನ್‌ಹಾರ್ಟ್ ಅವರ ತಂಡದಲ್ಲಿ ಸಣ್ಣಪುಟ್ಟ ಪಾತ್ರ ಮಾಡಿ ಬೆಳೆದವನು. ರಂಗದ ಮೇಲೆ ಜನಜಂಗುಳಿಯನ್ನು ನಿಲ್ಲಿಸುವ, ಕದಲಿಸುವ ವಿದ್ಯೆ ಕಲಿತದ್ದು ಅಲ್ಲೇ.

ಫ್ರಾನ್ಸ್‌ನ ಅರಮನೆಯನ್ನು ತೋರಿಸಲು ಚಿತ್ರತಂಡದವರು ಫ್ರಾನ್ಸ್‌ಗೆ ಹೋಗಲಿಲ್ಲ, ಆಗ ಹೋಗುವ ಹಾಗೂ ಇರಲಿಲ್ಲ. ಬರ್ಲಿನ್ನಿನ ಟೆಂಪಲ್‌ಹಾಫ್ ಸ್ಟುಡಿಯೋದಲ್ಲಿ ಸೆಟ್ ಹಾಕಿದರು. ಹೊರಾಂಗಣಕ್ಕೆ ಪಾಟ್ಸ್‌ಡ್ಯಾಮ್‌ನ ಸಾನ್‌ಸೂಸಿ ಅರಮನೆ ಒದಗಿಬಂತು. ಅದು ಪ್ರಷ್ಯದ ದೊರೆ ಮಹಾ ಫ್ರೆಡರಿಕ್ ಕಟ್ಟಿಸಿದ್ದು.

ಚಿತ್ರದ ಹಿಂದಿದ್ದ ಉಫಾ ಕಂಪನಿ ಹುಟ್ಟಿದ್ದು ಕಲೆಗಾಗಿ ಅಲ್ಲ, ಯುದ್ಧಪ್ರಚಾರಕ್ಕಾಗಿ. 1917ರಲ್ಲಿ ಜನರಲ್ ಲುಡೆನ್‌ಡಾರ್ಫ್ ಅವರ ಒತ್ತಾಯದಿಂದ, ಸರ್ಕಾರದ ಮತ್ತು ಬ್ಯಾಂಕುಗಳ ಹಣದಿಂದ ಕಟ್ಟಿದ ಸಂಸ್ಥೆ ಅದು. ಮರುವರ್ಷವೇ ಯುದ್ಧ ಮುಗಿದುಹೋಯಿತು.

ಇನ್ನು, ಯಾರು ಈ ಡ್ಯುಬಾರಿ? 1743ರ ಆಗಸ್ಟ್ 19ರಂದು ಫ್ರಾನ್ಸ್‌ನ ವೋಕುಲರ್ ಎಂಬ ಸಣ್ಣ ಊರಿನಲ್ಲಿ ಬಡ ಅವಿವಾಹಿತ ತಾಯಿಗೆ ಹುಟ್ಟಿದ ಮಗು ಜಾನ್ ಬೆಕ್ಯು. ಪ್ಯಾರಿಸ್ಸಿನಲ್ಲಿ ಲಬೀಯ್ ಎಂಬುವನ ಫ್ಯಾಷನ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ರೂಪವತಿ. ಅವಳನ್ನು ಶ್ರೀಮಂತರಿಗೆ ಪರಿಚಯಿಸಿ ಲಾಭ ಮಾಡಿಕೊಂಡವನು ಜಾನ್ ಡ್ಯುಬಾರಿ ಎಂಬ ಜೂಜುಕೋರ ಕುಲೀನ. ಕಡೆಗೆ ದೊರೆ ಹದಿನೈದನೆಯ ಲೂಯಿಯ ಕಣ್ಣು ಅವಳ ಮೇಲೆ ಬಿತ್ತು.

ಆದರೆ ದೊರೆಯ ಅಧಿಕೃತ ಪ್ರೇಯಸಿಯಾಗಬೇಕಾದರೆ ಬಿರುದು ಬೇಕಿತ್ತು, ಬಿರುದಿಗೆ ಗಂಡ ಬೇಕಿತ್ತು. ಜಾನ್ ಡ್ಯುಬಾರಿಗೆ ಆಗಲೇ ಮದುವೆಯಾಗಿತ್ತು. ಹಾಗಾಗಿ 1768ರಲ್ಲಿ ಅವನ ತಮ್ಮ ಗಿಯೋಮ್ ಜೊತೆ ಹೆಸರಿಗೊಂದು ಮದುವೆ ಮಾಡಿಸಿದರು. ಸುಳ್ಳು ಜನನಪತ್ರ ಹುಟ್ಟಿಸಿ, ವಯಸ್ಸಿನಲ್ಲಿ ಮೂರು ವರ್ಷ ಕಡಿಮೆ ಮಾಡಿ, ಕುಲವನ್ನು ಏರಿಸಿದರು. 1769ರ ಏಪ್ರಿಲ್‌ನಲ್ಲಿ ಅವಳನ್ನು ಆಸ್ಥಾನದ ಮುಂದೆ ವಿಧಿವತ್ತಾಗಿ ನಿಲ್ಲಿಸಿದ್ದಾಯಿತು. ಇಷ್ಟೆಲ್ಲ ಹೂಟ ಹೂಡಿದವರು ಗಂಡಸರು. ಕೆಟ್ಟ ಹೆಸರು ಹೊತ್ತವಳು ಮಾತ್ರ ಅವಳು. ಚಿತ್ರ ನೋಡುವಾಗ ಇದನ್ನು ಮರೆಯಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಸ್ಟ್ರಿಯದಿಂದ ಯುವರಾಣಿಯಾಗಿ ಬಂದ ಮರಿ ಆಂಟೊನೆಟ್ ಅವಳೊಡನೆ ಮಾತನಾಡಲು ಒಪ್ಪಲೇ ಇಲ್ಲ. ಆಸ್ಥಾನದ ನಿಯಮದಂತೆ ಯುವರಾಣಿ ತಾನಾಗಿ ಮಾತಾಡಿಸದೆ ಡ್ಯುಬಾರಿ ಬಾಯಿ ತೆರೆಯುವಂತಿಲ್ಲ. ಈ ಮೌನ ಎರಡು ರಾಜ್ಯಗಳ ತಲೆನೋವಾಯಿತು. ತಾಯಿ ಮರಿಯಾ ತೆರೇಸಾ ವಿಯೆನ್ನಾದಿಂದ ಒತ್ತಡ ಹೇರಿದ ಮೇಲೆ, 1772ರ ಹೊಸವರ್ಷದ ದಿನ ಯುವರಾಣಿ ಒಂದೇ ಒಂದು ವಾಕ್ಯ ಆಡಿದಳು. ಈ ಹೊತ್ತು ವರ್ಸೈಲ್ಸಿನಲ್ಲಿ ತುಂಬ ಜನ ಸೇರಿದ್ದಾರೆ ಎಂಬರ್ಥದ ಮಾತು, ಅಷ್ಟೇ.

ಚರಿತ್ರೆಯಲ್ಲಿ ಕುಪ್ರಸಿದ್ಧವಾದ ವಜ್ರಹಾರ ಗೊತ್ತಲ್ಲ? ಮರಿ ಆಂಟೊನೆಟ್‌ಳ ಮಾನ ಕಳೆದ ಹಾರ. ಅದನ್ನು ಅಕ್ಕಸಾಲಿಗರು ಹೊಂದಿಸತೊಡಗಿದ್ದು ಡ್ಯುಬಾರಿಗೆಂದು. ಕೊಳ್ಳುವ ಮೊದಲೇ ದೊರೆ ಸತ್ತ. ಹಾರ ಅಂಗಡಿಯಲ್ಲೇ ಉಳಿದು, 1785ರ ಹಗರಣಕ್ಕೆ ಕಾರಣವಾಯಿತು.

ಚಿತ್ರಕಾರ ಫ್ರಾಗೊನಾರ್ ಅವಳ ಲುವ್‌ಸಿಯೆನ್ನ್ ಮಂಟಪಕ್ಕಾಗಿ ಬರೆದ ದೊಡ್ಡ ವರ್ಣಚಿತ್ರಗಳನ್ನು ಅವಳು ಬೇಡವೆಂದು ಹಿಂದಿರುಗಿಸಿದಳು. ಈಗ ಅವು ನ್ಯೂಯಾರ್ಕಿನ ಫ್ರಿಕ್ ಸಂಗ್ರಹಾಲಯದ ಹೆಮ್ಮೆ.

ಚಿತ್ರಕ್ಕೆ ಮರಳೋಣ. ಡ್ಯುಬಾರಿಯಾದವಳು ಪೋಲೆಂಡಿನ ನಟಿ ಪೋಲಾ ನೆಗ್ರಿ. ಹುಟ್ಟುಹೆಸರು ಅಪೊಲೊನಿಯಾ ಹಲೂಪೆಟ್ಸ್. ಹದಿನೈದನೆಯ ಲೂಯಿಯಾದವನು ಎಮಿಲ್ ಯಾನಿಂಗ್ಸ್. ಮುಂದೆ, ಅತ್ಯುತ್ತಮ ನಟನಿಗೆಂದು ಮೊಟ್ಟಮೊದಲ ಆಸ್ಕರ್ ಕೊಟ್ಟಾಗ ಅದನ್ನು ಪಡೆದವನೂ ಇವನೇ.

ದೊರೆಯನ್ನು ಸಿಂಹಾಸನದಿಂದ ಇಳಿಸಿ ಮನುಷ್ಯನನ್ನಾಗಿ ತೋರಿಸುವುದು ಲ್ಯೂಬಿಚ್‌ನ ಹಟವಾಗಿತ್ತು. ಫ್ರಾನ್ಸ್‌ನ ಒಡೆಯ ತನ್ನ ಪ್ರೇಯಸಿಯ ಉಗುರು ನಯಗೊಳಿಸುತ್ತ ಕೂರುತ್ತಾನೆ! ಇನ್ನೊಂದು ಕಡೆ, ಇಬ್ಬರು ಗಂಡಸರಲ್ಲಿ ಯಾರ ಬಳಿ ಹೋಗಲಿ ಎಂದು ನಾಯಕಿ ಜಾನ್ ತನ್ನ ಕುಪ್ಪಸದ ರಿಬ್ಬನ್ ಗಂಟುಗಳನ್ನು ಎಣಿಸಿ ನಿರ್ಧರಿಸುತ್ತಾಳೆ. ಮಾತಿಲ್ಲ, ಬರಹದ ಫಲಕವೂ ಬೇಕಿಲ್ಲ. ಎಣಿಸುವ ಬೆರಳು ಮತ್ತು ಬದಲಾಗುವ ಮುಖ, ಅಷ್ಟರಲ್ಲೇ ಅವಳ ಚಂಚಲತೆಯೂ ಮುಗ್ಧತೆಯೂ ನಮಗೆ ತಿಳಿದುಬಿಡುತ್ತವೆ. ಮಹಾ ಸೆಟ್ಟುಗಳ ಚಿತ್ರಗಳು ಆಗ ಇಟಲಿಯಿಂದಲೂ ಅಮೆರಿಕದಿಂದಲೂ ಬರುತ್ತಿದ್ದವು. ಸಾವಿರಾರು ಜನರ ನಡುವೆ ಒಂದು ಬೆರಳಿನ ಚಲನೆಯನ್ನು ಮರೆಯದ ನಿರ್ದೇಶಕರು ಅಪರೂಪ.

ಇತಿಹಾಸದ ವಿಷಯದಲ್ಲಿ ಮಾತ್ರ ಚಿತ್ರ ಬಹಳ ಸ್ವಾತಂತ್ರ್ಯ ತೆಗೆದುಕೊಂಡಿದೆ. ಲೂಯಿ ಸಿಡುಬಿನಿಂದ ಸತ್ತದ್ದು 1774ರಲ್ಲಿ, ಬಾಸ್ಟಿಲ್ ಬಿದ್ದದ್ದು 1789ರಲ್ಲಿ. ನಡುವಿನ 15 ವರ್ಷವನ್ನು ಚಿತ್ರ ನುಂಗಿಹಾಕಿದೆ. ಹದಿನಾರನೆಯ ಲೂಯಿಯ ಆಳ್ವಿಕೆ ಎಲ್ಲಿ ಹೋಯಿತೆಂದು ಚರಿತ್ರೆ ಓದಿದವರು ಹುಡುಕಬೇಕು. ನಾಯಕ ಆರ್ಮಾಂಡ್ ಕಲ್ಪನೆಯ ಕೂಸು. ಅವನು ಪ್ರೇಮಿಯಾಗಿ, ಸೈನಿಕನಾಗಿ, ಕೊನೆಗೆ ಅವಳಿಗೆ ಮರಣದಂಡನೆ ವಿಧಿಸುವ ಕ್ರಾಂತಿಕಾರಿಯಾಗಿ ಬರುತ್ತಾನೆ.

ಜರ್ಮನ್ ವಿಮರ್ಶಕ ಸೀಗ್‌ಫ್ರೀಡ್ ಕ್ರಾಕವರ್ 1947ರ ತಮ್ಮ ಪುಸ್ತಕದಲ್ಲಿ ಇದನ್ನೇ ಹಿಡಿದು ಟೀಕಿಸಿದರು. ಹಸಿದ ಜನರ ಕ್ರಾಂತಿಯನ್ನು ಚಿತ್ರ ಖಾಸಗಿ ಪ್ರೇಮ, ಅಸೂಯೆಗಳ ಫಲವೆಂಬಂತೆ ತೋರಿಸುತ್ತದೆ ಎಂಬುದು ಅವರ ಆಕ್ಷೇಪ. ಆಕ್ಷೇಪ ಸರಿಯಾದದ್ದೇ. ಚಿತ್ರ ತೆರೆಕಂಡ 1919ರ ಜನವರಿಯಲ್ಲಿ ಬರ್ಲಿನ್ನಿನ ಬೀದಿಗಳಲ್ಲೇ ಎಡಪಂಥೀಯ ಸ್ಪಾರ್ಟಕಿಸ್ಟರ ದಂಗೆ ನಡೆದು, ಅವರ ನಾಯಕಿ ರೋಸಾ ಲಕ್ಸಂಬರ್ಗ್ ಕೊಲೆಯಾಗಿತ್ತು. ಪ್ರೇಕ್ಷಕರಿಗೆ ಕ್ರಾಂತಿಯೆಂದರೆ ಹಳೆಯ ಕಥೆಯಾಗಿರಲಿಲ್ಲ.

ಅತ್ತ ಫ್ರಾನ್ಸ್‌ನಲ್ಲಿ, ಇದು ತಮ್ಮ ದೇಶಕ್ಕೆ ಮಸಿ ಬಳಿಯುವ ಜರ್ಮನ್ ಹುನ್ನಾರ ಎಂಬ ಗುಮಾನಿ ಎದ್ದಿತು.

ಅಮೆರಿಕಕ್ಕೆ ಹೋದಾಗ ಚಿತ್ರಕ್ಕೆ ಹೆಸರೇ ಬದಲಾಯಿತು. ‘ಪ್ಯಾಶನ್’ ಎಂಬ ಹೊಸ ಹೆಸರಿನಲ್ಲಿ 1920ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಕ್ಯಾಪಿಟಲ್ ಚಿತ್ರಮಂದಿರದಲ್ಲಿ ಬಿಡುಗಡೆ. ಜಾಹೀರಾತುಗಳು ಇದು ಜರ್ಮನ್ ಚಿತ್ರ ಎಂಬುದನ್ನು ಮರೆಮಾಚಿದವು. ಭಯ ಸುಳ್ಳಲ್ಲ, ಆಗಿನ್ನೂ ಎರಡು ದೇಶಗಳ ನಡುವೆ ಶಾಂತಿ ಒಪ್ಪಂದ ಆಗಿರಲಿಲ್ಲ. ಅದಾದದ್ದು 1921ರ ಆಗಸ್ಟ್‌ನಲ್ಲಿ. ಅದೇ ವರ್ಷ ಇನ್ನೊಂದು ಜರ್ಮನ್ ಚಿತ್ರ ‘ಡಾಕ್ಟರ್ ಕ್ಯಾಲಿಗರಿ’ ಲಾಸ್ ಏಂಜಲೀಸ್‌ಗೆ ಬಂದಾಗ ಮಾಜಿ ಸೈನಿಕರು ಬೀದಿಗಿಳಿದು ಪ್ರತಿಭಟಿಸಿದ್ದರು. ‘ಪ್ಯಾಶನ್’ಗೆ ಮಾತ್ರ ಜನ ಮುಗಿಬಿದ್ದರು. ಅಮೆರಿಕದ ಹೆಸರಾಂತ ನಿರ್ದೇಶಕ ಗ್ರಿಫಿತ್‌ಗೆ ಹೋಲಿಸಿ, ಲ್ಯೂಬಿಚ್‌ಗೆ ‘ಯುರೋಪಿನ ಗ್ರಿಫಿತ್’ ಎಂಬ ಬಿರುದೂ ಸಿಕ್ಕಿತು.

‘ಮದಾಂ ಡ್ಯುಬಾರಿ’ಯ ಮರುವರ್ಷ, 1920ರಲ್ಲಿ, ಅವನು ಇಂಗ್ಲೆಂಡಿನ ‘ಆನ್ ಬೊಲಿನ್’ ಕಥೆಗೆ ಕೈಹಾಕಿದ. ಆ ಚಿತ್ರೀಕರಣ ನೋಡಲು ಜರ್ಮನಿಯ ಅಧ್ಯಕ್ಷ ಫ್ರೆಡ್ರಿಕ್ ಎಬರ್ಟ್ ಅವರೇ ಬಂದಿದ್ದರು. 1922ರಲ್ಲಿ ನೆಗ್ರಿಯೂ ಲ್ಯೂಬಿಚ್ಚೂ ಅಟ್ಲಾಂಟಿಕ್ ದಾಟಿದರು.

ಮುಂದಿನದು ನೋವಿನ ಕಥೆ. ಯಹೂದಿಯಾದ ಲ್ಯೂಬಿಚ್‌ನ ಪೌರತ್ವವನ್ನು ನಾಜಿಗಳು 1935ರಲ್ಲಿ ಕಿತ್ತುಕೊಂಡರು. ಅವನ ಮುಖವನ್ನು ತಮ್ಮ 1940ರ ಯಹೂದಿದ್ವೇಷದ ಪ್ರಚಾರಚಿತ್ರದಲ್ಲೂ ತೋರಿಸಿದರು. ಯಾನಿಂಗ್ಸ್ ಜರ್ಮನಿಗೆ ಮರಳಿ ಅದೇ ನಾಜಿಗಳಿಗಾಗಿ ‘ಓಮ್ ಕ್ರೂಗರ್’ನಂಥ ಚಿತ್ರಗಳಲ್ಲಿ ನಟಿಸಿದ. ಲ್ಯೂಬಿಚ್ 1942ರಲ್ಲಿ ನಾಜಿಗಳ ವಿರುದ್ಧ ‘ಟು ಬಿ ಆರ್ ನಾಟ್ ಟು ಬಿ’ ಮಾಡಿದ. ಒಂದೇ ಸೆಟ್ಟಿನಲ್ಲಿ ದುಡಿದ ನಿರ್ದೇಶಕ ಮತ್ತು ನಟ ಇಪ್ಪತ್ತು ವರ್ಷಗಳಲ್ಲಿ ಎದುರುಬದುರಾದರು.

ಮೂಕಿಯುಗದ ಜರ್ಮನಿಯಿಂದ ಕನ್ನಡಕ್ಕೂ ಒಂದು ದಾರಿ ಇದೆ. ಶೂದ್ರಕನ ‘ಮೃಚ್ಛಕಟಿಕ’ವನ್ನು ಆಧರಿಸಿದ, ಕನ್ನಡದ ಮೊದಲ ಮೂಕಿಗಳಲ್ಲಿ ಹೆಸರಿಸುವ ‘ವಸಂತಸೇನಾ’ದ ನಿರ್ದೇಶಕ ಮೋಹನ್ ಭವನಾನಿ ಜರ್ಮನಿಯಲ್ಲಿ ಸಿನಿಮಾ ಕಲಿತು ಬಂದವರು. ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಅದರಲ್ಲಿ ನಟಿಸಿದ್ದರು.

ಈಗ ನನ್ನನ್ನು ಹೆಚ್ಚು ಕಾಡುವ ಸಂಗತಿ. ಡ್ಯುಬಾರಿಯನ್ನು ಗಿಲೋಟಿನ್‌ಗೆ ಕಳಿಸಿದ ಸಾಕ್ಷಿಗಳಲ್ಲಿ ಒಬ್ಬ ಬಂಗಾಳದವನು. ಹೆಸರು ಝಮೋರ್. ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ 1762ರ ಸುಮಾರಿಗೆ ಹುಟ್ಟಿದವನು. ಬಾಲಕನಿದ್ದಾಗಲೇ ಗುಲಾಮರ ವ್ಯಾಪಾರಿಗಳು ಅವನನ್ನು ಹಡಗಿಗೆ ಹಾಕಿ, ಮಡಗಾಸ್ಕರ್ ಮೂಲಕ ಫ್ರಾನ್ಸಿಗೆ ಒಯ್ದು ಮಾರಿದರು. ದೊರೆ ಅವನನ್ನು ಪ್ರೇಯಸಿಗೆ ಕೊಟ್ಟ. ಅವಳು ಅವನಿಗೆ ಜರತಾರಿ ಉಡುಪು ತೊಡಿಸಿ ಆಟದ ಬೊಂಬೆಯ ಹಾಗೆ ಇಟ್ಟುಕೊಂಡಳು. ಅವನು ಆಫ್ರಿಕದವನೆಂದೇ ನಂಬಿದ್ದಳು. ಅವನು ರೂಸೋನನ್ನು ಓದಿದ, ಕ್ರಾಂತಿಕಾರಿಗಳಾದ ಜಾಕೊಬಿನ್ನರನ್ನು ಸೇರಿದ. ವಿಚಾರಣೆಯಲ್ಲಿ ನಿಂತು ತಾನು ಬಂಗಾಳದಲ್ಲಿ ಹುಟ್ಟಿದವನೆಂದು ಘೋಷಿಸಿ, ಒಡತಿಯ ವಿರುದ್ಧ ಸಾಕ್ಷಿ ನುಡಿದ. ಇದನ್ನು ದ್ರೋಹ ಎಂದವರು ಬಹಳ ಜನ. ಹೆತ್ತವರಿಂದ ಕಿತ್ತು ತಂದು ಮಾರಿದ ಹುಡುಗನಿಂದ ನಿಷ್ಠೆ ಬಯಸುವುದು ನ್ಯಾಯವಲ್ಲ ಎಂದೇ ನಾನು ನಂಬಿದ್ದೇನೆ. ಅವನೂ ಮುಂದೆ ಬಂಧನಕ್ಕೊಳಗಾದ, ಬಿಡುಗಡೆಯಾದ. 1820ರಲ್ಲಿ ಪ್ಯಾರಿಸ್ಸಿನಲ್ಲಿ ಬಡತನದಲ್ಲೇ ಸತ್ತ.

ಡ್ಯುಬಾರಿಯ ಕೊನೆಯೂ ಕರುಳು ಹಿಂಡುವಂಥದು. 1791ರಲ್ಲಿ ಮನೆಯಿಂದ ಕಳುವಾದ ಒಡವೆಗಳು ಲಂಡನ್ನಿನಲ್ಲಿ ಸಿಕ್ಕವು. ಅವುಗಳಿಗಾಗಿ ಅವಳು ಮತ್ತೆ ಮತ್ತೆ ಅಲ್ಲಿಗೆ ಹೋದದ್ದೇ, ದೇಶ ಬಿಟ್ಟು ಓಡಿದವರಿಗೆ ನೆರವಾದಳೆಂಬ ಆರೋಪಕ್ಕೆ ಆಧಾರವಾಯಿತು. 1793ರ ಡಿಸೆಂಬರ್ 8ರಂದು ಗಿಲೋಟಿನ್. ಉಳಿದ ಕುಲೀನರು ತಲೆಯೆತ್ತಿ ಸತ್ತರಂತೆ, ಇವಳು ಅತ್ತಳು, ಚೀರಿದಳು, ಇನ್ನೊಂದೇ ಗಳಿಗೆ ಕೊಡಿ ಎಂದು ವಧಕಾರನನ್ನು ಬೇಡಿಕೊಂಡಳು ಎಂಬ ಮಾತು ಉಳಿದುಬಂದಿದೆ. ಅವಳ ಚಿತ್ರವನ್ನು ಮೂರು ಬಾರಿ ಬರೆದ ವಿಜೀ ಲಬ್ರನ್, ಸಾವಿಗೆ ಬೆದರಿದವಳು ಇವಳೊಬ್ಬಳೇ ಎಂದು ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಎಲ್ಲರೂ ಹೀಗೆ ಅತ್ತಿದ್ದರೆ ಜನರ ಮನಸ್ಸು ಕರಗುತ್ತಿತ್ತು ಎಂಬುದು ಅವರ ಅನಿಸಿಕೆ.

ಆ ಒಂದು ಗಳಿಗೆ ದಾಸ್ತಯೆವ್‌ಸ್ಕಿಯನ್ನೂ ತಟ್ಟಿತ್ತು. ಅವರ ‘ಈಡಿಯಟ್’ ಕಾದಂಬರಿಯ ಲೆಬೆದೆವ್ ಎಂಬ ಕುಡುಕ, ಯಾರೂ ನೆನೆಯದ ಡ್ಯುಬಾರಿಯ ಆತ್ಮಕ್ಕಾಗಿ ಪ್ರಾರ್ಥಿಸುತ್ತಾನೆ.

ಸಿನಿಮಾಗಳು ಅವಳನ್ನು ಬಿಟ್ಟಿಲ್ಲ. 1917ರಲ್ಲಿ ಥೀಡಾ ಬಾರಾ, 1934ರಲ್ಲಿ ಡೊಲೊರೆಸ್ ಡೆಲ್ ರಿಯೊ, 2023ರ ಕಾನ್ ಚಿತ್ರೋತ್ಸವದ ಆರಂಭಚಿತ್ರದಲ್ಲಿ ಮೈವೆನ್ ಡ್ಯುಬಾರಿಯಾದರು. ಈ ಕೊನೆಯದರಲ್ಲಿ ದೊರೆ ಜಾನಿ ಡೆಪ್.

ಲ್ಯೂಬಿಚ್‌ನ ಚಿತ್ರದ ಪುನರುದ್ಧರಿಸಿದ ಪ್ರತಿ ಈಗ ನೋಡಸಿಗುತ್ತದೆ. ಅವಧಿ ಎರಡು ಗಂಟೆಗೂ ತುಸು ಕಡಿಮೆ. ನಮ್ಮ ಚಿತ್ರಸಮಾಜಗಳು ಇದನ್ನು ಒಮ್ಮೆ ಪರದೆಗೆ ತರಲಿ. ಹಾಗೆಯೇ, ಕನ್ನಡದ ಕಾದಂಬರಿಕಾರರಲ್ಲಿ, ನಾಟಕಕಾರರಲ್ಲಿ ಒಂದು ವಿನಂತಿ: ಚಿತ್ತಗಾಂಗ್‌ನ ಆ ಹುಡುಗ ಝಮೋರ್‌ನ ಕಥೆಯನ್ನು ಯಾರಾದರೂ ಬರೆಯಿರಿ.