ಮಿರಜಿಗೆ ಬಂದ ಮಾಸ್ತರರು

ಅಥಣಿ, ಕಾಗವಾಡ, ರಾಯಬಾಗ, ಕುಡಚಿ, ಜಮಖಂಡಿ ಕಡೆಯ ಮನೆಗಳಲ್ಲಿ ಊರ ಡಾಕ್ಟರ ಕೈಗೆ ರೋಗ ಬಗ್ಗಲಿಲ್ಲ ಅಂದರೆ ಹಿರಿಯರು ಹೇಳುವುದು ಒಂದೇ ಮಾತು: ‘ಮಿರಜಿಗೆ ಒಯ್ಯರಿ.’ ನಡುವೆ ರಾಜ್ಯದ ಗಡಿ ಇದೆ, ಅಲ್ಲಿಯ ಅಂಗಡಿಗಳ ಬೋರ್ಡುಗಳೆಲ್ಲ ಮರಾಠಿಯವು. ಆದರೂ ದವಾಖಾನೆಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತವರ ನಡುವೆ ಕನ್ನಡ ಧಾರಾಳವಾಗಿ ಕೇಳಿಸುತ್ತದೆ. ಮುಂಬಯಿಯೂ ಅಲ್ಲದ, ಪುಣೆಯೂ ಅಲ್ಲದ ಈ ಮಧ್ಯಮ ಗಾತ್ರದ ಊರು ಉತ್ತರ ಕರ್ನಾಟಕದ ಪಾಲಿಗೆ ದವಾಖಾನೆಗಳ ಊರಾದದ್ದು ಹೇಗೆ? ಅಲ್ಲಿಂದ ಹತ್ತು ಕಿಲೋಮೀಟರ್ ಆಚೀಚೆ ಇರುವ ಸಾಂಗ್ಲಿಯ ಕಾಲೇಜೊಂದು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಯಾಕೆ? ಎರಡು ಪ್ರಶ್ನೆಗಳನ್ನೂ ಹಿಂದಕ್ಕೆ ಹಿಡಿದುಕೊಂಡು ಹೋದರೆ ಹೊರಗಿನಿಂದ ಬಂದು, ಕಲಿಸುತ್ತ, ಅಲ್ಲಿಯೇ ಬೇರು ಬಿಟ್ಟ ಕೆಲವರ ಹತ್ತಿರ ಹೋಗಿ ನಿಲ್ಲುತ್ತೇವೆ.

ಮೊದಲು ನೆಲದ ಮಾತು. ಸಾಂಗ್ಲಿ, ಮಿರಜ್ ಎರಡೂ ಪಟವರ್ಧನ ಮನೆತನದ ಸಂಸ್ಥಾನಗಳಾಗಿದ್ದವು. ಸಾಂಗ್ಲಿಯ ಆಡಳಿತಕ್ಕೆ ತೇರದಾಳ, ಶಿರಹಟ್ಟಿ, ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರ ಸೇರಿದ್ದವು. ಲಕ್ಷ್ಮೇಶ್ವರ ಮಿರಜಿನ ಹಿರಿಯ ಸಂಸ್ಥಾನದ ಕೈಯಲ್ಲಿತ್ತು, ಗುಡಗೇರಿ ಕಿರಿಯದರ ಕೈಯಲ್ಲಿ. ಅಂದರೆ ಅಪ್ಪಟ ಕನ್ನಡದ ಊರುಗಳ ಜನ ಕೋರ್ಟು ಕಚೇರಿಗೆ, ಅರ್ಜಿ ಅಹವಾಲಿಗೆ ಈ ಮರಾಠಿ ಪಟ್ಟಣಗಳ ದಾರಿ ಹಿಡಿಯುವುದು ಹಳೆಯ ರೂಢಿ. 1880ರ ದಶಕದ ಕೊನೆಗೆ ಪುಣೆಯಿಂದ ಮಿರಜ್, ಬೆಳಗಾವಿ ಹಾದು ಲೋಂಡಾದ ಕಡೆ ಹೋಗುವ ಮೀಟರ್ ಗೇಜ್ ರೈಲು ಬಂತು. ದಾರಿ ಸವೆದಿತ್ತು, ಈಗ ಹಳಿಯೂ ಬಿತ್ತು.

ಆ ಹೊತ್ತಿಗೆ ಸರಿಯಾಗಿ, 1889ರಲ್ಲಿ, ವಿಲಿಯಂ ಜೇಮ್ಸ್ ವಾನ್ಲೆಸ್ ಬಂದರು. ಕೆನಡಾದ ಒಂಟಾರಿಯೊದಲ್ಲಿ 1865ರಲ್ಲಿ ಹುಟ್ಟಿ, ನ್ಯೂಯಾರ್ಕಿನಲ್ಲಿ ವೈದ್ಯ ಪದವಿಯನ್ನು ಅದೇ ವರ್ಷ ಪಡೆದಿದ್ದ ಇಪ್ಪತ್ನಾಲ್ಕರ ಹುಡುಗ. ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ ಕಳಿಸಿದ ವೈದ್ಯ. ಜೊತೆಗೆ ಹೆಂಡತಿ ಮೇರಿ. ಮಿಷನ್ನಿನವರು ಯಾವ ಊರಿಗೆ ಹೋದರೂ ಮೊದಲು ಅಲ್ಲಿಯ ಭಾಷೆ ಕಲಿಯಬೇಕು ಎಂಬುದು ಆಗಿನ ಪದ್ಧತಿ. ವಾನ್ಲೆಸ್ ಕೂಡ ಮರಾಠಿ ಕಲಿಯುತ್ತಲೇ ಸಾಂಗ್ಲಿಯಲ್ಲಿ ಸಣ್ಣದೊಂದು ಔಷಧಾಲಯ ತೆರೆದರು. ಆಮೇಲೆ ಮಿರಜಿಗೆ ಬಂದರು. ಸಂಸ್ಥಾನದಿಂದ ಜಾಗ ಸಿಕ್ಕಿತು, ಅಮೆರಿಕದ ದಾನಿಗಳಿಂದ ಹಣ ಬಂತು, 1894ರಲ್ಲಿ ಆಸ್ಪತ್ರೆ ಬಾಗಿಲು ತೆರೆಯಿತು. ರೈಲು ಅಲ್ಲಿ ನಿಲ್ಲುತ್ತಿದ್ದದ್ದು ದೊಡ್ಡ ಅನುಕೂಲವಾಯಿತು. ಚಕ್ಕಡಿಯಲ್ಲಿ ಬರುತ್ತಿದ್ದ ರೋಗಿಗಳ ಜೊತೆಗೆ ದೂರದ ಜಿಲ್ಲೆಗಳವರೂ ಸೇರಿದರು.

ಆಸ್ಪತ್ರೆ ಕಟ್ಟುವುದು ಒಂದು ಕೆಲಸ, ಅದರೊಳಗೆ ಕೆಲಸ ಮಾಡುವ ಕೈಗಳನ್ನು ಹುಟ್ಟಿಸುವುದು ಬೇರೆಯೇ ಕೆಲಸ. ಶಸ್ತ್ರಚಿಕಿತ್ಸೆಯ ಮೇಜಿನ ಪಕ್ಕದಲ್ಲಿ ನಿಂತು ಸಹಾಯ ಮಾಡಲು ಯಾರಿದ್ದಾರೆ? ಔಷಧಿ ಕೂಡಿಸುವವರು, ಗಾಯ ತೊಳೆದು ಕಟ್ಟುವವರು, ರಾತ್ರಿ ರೋಗಿಯ ಹತ್ತಿರ ಎಚ್ಚರ ಇರುವವರು? ಯಾರನ್ನೂ ಕಡಲಾಚೆಯಿಂದ ತರಿಸುವ ಹಾಗಿರಲಿಲ್ಲ. ಇಲ್ಲಿಯ ಹುಡುಗರಿಗೇ ಕಲಿಸಬೇಕು. ಹಾಗೆ ಡಾಕ್ಟರು ಮಾಸ್ತರರೂ ಆದರು. 1897ರಲ್ಲಿ, ಮುಂಬಯಿ ಇಲಾಖೆಯಲ್ಲಿ ಪ್ಲೇಗು ಹಬ್ಬಿದ್ದ ಕಾಲದಲ್ಲೇ, ಮಿರಜಿನ ವೈದ್ಯಕೀಯ ಶಾಲೆ ಶುರುವಾಯಿತು. ಬೇರೆ ಬೇರೆ ಮಿಷನ್ನುಗಳು ಕಳಿಸಿದ ತರುಣರು ಇಲ್ಲಿ ಕಲಿತು ಸಣ್ಣ ಊರುಗಳ ಆಸ್ಪತ್ರೆಗಳಿಗೆ ಹೋದರು. ದಾದಿಯರ ತರಬೇತಿಯೂ ಬೆಳೆಯಿತು. ನನ್ನ ದೃಷ್ಟಿಯಲ್ಲಿ ಮಿರಜಿನ ಇಡೀ ಕಥೆಯ ತಿರುವು ಇರುವುದು ಈ ಶಾಲೆಯಲ್ಲಿ. ಒಬ್ಬ ನುರಿತ ಶಸ್ತ್ರವೈದ್ಯನಿರುವ ಊರಿಗೆ ಜನ ಅವನಿರುವ ತನಕ ಬರುತ್ತಾರೆ. ವೈದ್ಯರು ತಯಾರಾಗುವ ಊರಿಗೆ ಅವನು ಹೋದ ಮೇಲೂ ಬರುತ್ತಾರೆ.

ವಾನ್ಲೆಸ್ ಇದ್ದದ್ದು 1928ರವರೆಗೆ, ಹತ್ತಿರ ಹತ್ತಿರ ನಲವತ್ತು ವರ್ಷ. ಮೇರಿ 1906ರಲ್ಲಿ ತೀರಿಕೊಂಡರು. ಆ ದುಃಖದಲ್ಲಿ ಹೊರಟು ಹೋಗಿದ್ದರೂ ಯಾರೂ ತಪ್ಪು ಎಣಿಸುತ್ತಿರಲಿಲ್ಲ. ಅವರು ಹೋಗಲಿಲ್ಲ. ಕುಷ್ಠರೋಗಿಗಳ ಆಶ್ರಯ, ಕ್ಷಯರೋಗಿಗಳ ಆರೋಗ್ಯಧಾಮ ಒಂದೊಂದಾಗಿ ಸೇರಿಕೊಂಡವು. ಆ ಆರೋಗ್ಯಧಾಮವಿದ್ದ ಜಾಗ ಸಾಂಗ್ಲಿ-ಮಿರಜ್ ನಡುವೆ ಇಂದಿಗೂ ವಾನ್ಲೆಸವಾಡಿ. 1928ರಲ್ಲಿ ಅವರಿಗೆ ‘ಸರ್’ ಪದವಿ ಬಂತು. 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರ ಜೊತೆಗೆ ಕೆಲಸ ಮಾಡಿದ್ದ ಡಾ. ಚಾರ್ಲ್ಸ್ ವೇಲ್ ಮತ್ತಿತರರ ಕೈಯಲ್ಲಿ ಕೆಲಸ ಮುಂದುವರಿಯಿತು. 1962ರಲ್ಲಿ ಮಹಾರಾಷ್ಟ್ರ ಸರಕಾರ ಮಿರಜಿನಲ್ಲಿ ವೈದ್ಯಕೀಯ ಕಾಲೇಜು ತೆರೆಯಿತು. ಬೇರೆ ಎಷ್ಟೋ ದೊಡ್ಡ ಊರುಗಳನ್ನು ಬಿಟ್ಟು ಇದು ಇಲ್ಲಿಗೆ ಬಂದುದರ ಹಿಂದೆ ಆ ಆರೇಳು ದಶಕಗಳ ಕಲಿಕೆಯ ಗೊಬ್ಬರ ಇದೆ.

ಹೀಗೆ ಕಲಿಸಲು ಬಂದು ಬೇರು ಬಿಟ್ಟವರ ಮಾತು ಬಂದಾಗ, ವಾನ್ಲೆಸ್ ಬಂದ ಕಾಲದಲ್ಲೇ ಪೂರ್ವದ ಇನ್ನೊಂದು ತುದಿಯಲ್ಲಿ ನಡೆದದ್ದನ್ನು ಇಲ್ಲಿ ನೆನೆಯಬೇಕು. ವಾನ್ಲೆಸ್ ಸಾಂಗ್ಲಿಗೆ ಬಂದ ಮರುವರ್ಷ, 1890ರಲ್ಲಿ, ಲಾಫ್ಕಾಡಿಯೊ ಹರ್ನ್ ಎಂಬ ಬರಹಗಾರ ಜಪಾನಿನ ಮಾತ್ಸುಯೆ ಪಟ್ಟಣದ ಶಾಲೆಗೆ ಇಂಗ್ಲಿಷ್ ಮಾಸ್ತರನಾಗಿ ಸೇರಿದ. ಚಾಪೆಯ ಮೇಲೆ ಕೂತು ಊಟ, ಮನೆಯಲ್ಲಿ ಜಪಾನೀ ಉಡುಪು, ಸಮುರಾಯಿ ಮನೆತನದ ಕೊಯಿಜುಮಿ ಸೆತ್ಸು ಜೊತೆಗೆ ಸಂಸಾರ. ಅವನಿಗೆ ಜಪಾನಿ ಪೂರ್ತಿ ಒಲಿಯಲಿಲ್ಲ, ಆಕೆಗೆ ಇಂಗ್ಲಿಷ್ ಬಾರದು. ಇಬ್ಬರೂ ತಮಗೆ ಮಾತ್ರ ತಿಳಿಯುವಂಥ ಸರಳ ಜಪಾನಿಯೊಂದನ್ನು ಮಾಡಿಕೊಂಡರು. ಆಕೆ ಅದರಲ್ಲಿ ಹೇಳಿದ ಹಳೆಯ ಕಥೆಗಳನ್ನು ಅವನು ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆ ಕೊಟ್ಟ. 1896ರಲ್ಲಿ ಜಪಾನೀ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರಿಟ್ಟುಕೊಂಡ. ಟೋಕಿಯೊ ವಿಶ್ವವಿದ್ಯಾಲಯದಲ್ಲಿ 1903ರವರೆಗೆ ಇಂಗ್ಲಿಷ್ ಸಾಹಿತ್ಯ ಕಲಿಸಿದ. ಅವನ ನಂತರ ಆ ಪಾಠಕ್ಕೆ ನಿಂತವರಲ್ಲಿ ನಾತ್ಸುಮೆ ಸೊಸೆಕಿ ಇದ್ದರು, ಮುಂದೆ ಜಪಾನಿನ ಮಹಾ ಕಾದಂಬರಿಕಾರರಾದ ಸೊಸೆಕಿ.

ಇವತ್ತು ಜಪಾನಿಗೆ ಇಂಗ್ಲಿಷ್ ಕಲಿಸಲು ಹೋಗುವ ತರುಣರ ಸ್ಥಿತಿ ಬೇರೆ. ಅಲ್ಲಿಯ ಸರಕಾರ 1987ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಕರಾರು ಒಂದು ವರ್ಷದ್ದು. ಮತ್ತೆ ಮತ್ತೆ ನವೀಕರಿಸಿದರೂ ಐದು ವರ್ಷಕ್ಕೆ ಮುಗಿಯಿತು. ಹೋದ ಕೂಡಲೇ ನಗರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು, ಬ್ಯಾಂಕಿನ ಖಾತೆ ತೆರೆಯಬೇಕು, ಸುಡುವ ಕಸ ಯಾವುದು, ಯಾವ ದಿನ ಯಾವುದನ್ನು ಹೊರಗಿಡಬೇಕು ಎಂದು ನೆರೆಯವರಿಂದ ಕಲಿಯಬೇಕು. ಇಷ್ಟೆಲ್ಲ ಕೈಗೆ ಹತ್ತಿ, ಮಕ್ಕಳ ಹೆಸರು ಬಾಯಿಗೆ ಬರುವಷ್ಟರಲ್ಲಿ ಹಲವರ ಕರಾರು ಮುಗಿದಿರುತ್ತದೆ. ಅವರ ದುಡಿಮೆಯನ್ನು ನಾನು ಕೀಳುಗಳೆಯುತ್ತಿಲ್ಲ. ಒಂದು ವರ್ಷ ಕಲಿಸಿದ ಮಾಸ್ತರನೂ ಒಬ್ಬ ಹುಡುಗಿಯ ಬದುಕನ್ನು ತಿರುಗಿಸಬಲ್ಲ. ಆದರೆ ಒಂದು ಊರಿನ ಗುಣ ಬದಲಾಗಬೇಕಾದರೆ ಅಷ್ಟು ಕಾಲ ಸಾಲದು.

ಮಿರಜಿಗೇ ಮರಳಿದರೆ, ಉತ್ತರ ಪ್ರದೇಶದ ಕೈರಾನಾದಲ್ಲಿ 1872ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರೂ ಹೀಗೆಯೇ ಇಲ್ಲಿ ಮನೆ ಮಾಡಿದವರು. 1937ರಲ್ಲಿ ತಮಿಳುನಾಡಿನ ಒಂದು ರೈಲು ನಿಲ್ದಾಣದಲ್ಲಿ ಪ್ರಾಣ ಬಿಟ್ಟ ಅವರನ್ನು ಮಣ್ಣು ಮಾಡಿದ್ದು ಮಿರಜಿನ ಮೀರಾಸಾಹೇಬರ ದರ್ಗಾದ ಆವರಣದಲ್ಲಿ. ಕುಂದಗೋಳದ ಸವಾಯಿ ಗಂಧರ್ವರಿಗೆ ಅವರು ಕಲಿಸಿದರು. ಸವಾಯಿ ಗಂಧರ್ವರು ಗಂಗೂಬಾಯಿ ಹಾನಗಲ್ಲರಿಗೆ, ಭೀಮಸೇನ ಜೋಶಿಯವರಿಗೆ ಕಲಿಸಿದರು. ಧಾರವಾಡದ ಸೀಮೆ ಕಿರಾಣಾ ಘರಾಣೆಯ ತವರಾದ ಆ ಕಥೆ ನಮಗೆಲ್ಲ ಗೊತ್ತಿರುವುದೇ.

ಇನ್ನು ಮೊದಲು ಕೇಳಿದ ಎರಡನೆಯ ಪ್ರಶ್ನೆ. ಸಾಂಗ್ಲಿಯ ಆ ಕಾಲೇಜನ್ನು, ವಿಲಿಂಗ್ಡನ್ ಕಾಲೇಜನ್ನು, 1919ರಲ್ಲಿ ತೆರೆದದ್ದು ಪುಣೆಯ ಡೆಕ್ಕನ್ ಎಜುಕೇಶನ್ ಸೊಸೈಟಿ. 1884ರಲ್ಲಿ ತಿಲಕ್, ಆಗರಕರರು ಸೇರಿ ಕಟ್ಟಿದ ಈ ಸಂಸ್ಥೆಗೆ ಒಂದು ಕಟ್ಟುನಿಟ್ಟಿನ ವ್ರತವಿತ್ತು. ಆಜೀವ ಸದಸ್ಯನಾದವನು ಇಪ್ಪತ್ತು ವರ್ಷ ಅಲ್ಪ ಸಂಬಳದಲ್ಲಿ ಕಲಿಸಬೇಕು. ಗೋಪಾಲಕೃಷ್ಣ ಗೋಖಲೆಯವರು ತಿಂಗಳಿಗೆ 75 ರೂಪಾಯಿಯಲ್ಲಿ ಅಷ್ಟು ಕಾಲ ದುಡಿದದ್ದು ಈ ವ್ರತದಂತೆ. ಇಂಥ ಗಾಳಿಯಿದ್ದ ಸಂಸ್ಥೆಗೆ ಕನ್ನಡದವರೂ ಪಾಠ ಹೇಳಲು ಹೋದರು. ಸವಣೂರಿನ ವಿನಾಯಕ ಕೃಷ್ಣ ಗೋಕಾಕರು ಮೊದಲು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಆಕ್ಸ್‌ಫರ್ಡಿನಲ್ಲಿ ಓದಿ ಬಂದು, 1938ರಲ್ಲಿ ವಿಲಿಂಗ್ಡನ್ನಿನ ಪ್ರಾಂಶುಪಾಲರಾದರು. ವಯಸ್ಸು ಇಪ್ಪತ್ತೊಂಬತ್ತು. ಮರಾಠಿ ಊರಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತ ಕನ್ನಡದಲ್ಲಿ ಬರೆಯುವ ಬದುಕು ಅವರದು. ಅವರು ಅಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಗುಜರಾತಿನ ವೀಸನಗರ, ಕೊಲ್ಲಾಪುರ, ಧಾರವಾಡ ಎಂದು ಸಾಗಿದರು. ಮುಂದೆ ಹೈದರಾಬಾದಿನ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿ ದೇಶದ ಇಂಗ್ಲಿಷ್ ಮಾಸ್ತರರಿಗೇ ಮಾಸ್ತರರಾದರು. ಅದೇ ಗೋಕಾಕರ ಹೆಸರಿನ ವರದಿ 1981ರಲ್ಲಿ ಪ್ರೌಢಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿತು. ಅದಕ್ಕಾಗಿ ರಾಜ್ಯವೇ ಬೀದಿಗಿಳಿಯಿತು. ಇದನ್ನು ವಿರೋಧಾಭಾಸ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಮೂರು ಭಾಷೆಗಳ ನಡುವೆ ಮನೆ ಮಾಡಿ ಬದುಕಿದವರಿಗೆ ತಮ್ಮ ಭಾಷೆಗೆ ಎಷ್ಟು ಜಾಗ ಬೇಕು ಎಂಬುದು ಸರಿಯಾಗಿ ತಿಳಿದಿರುತ್ತದೆ.

ಅಲ್ಲೇ ಉಳಿದುಕೊಂಡವರು ರಂ. ಶ್ರೀ. ಮುಗಳಿ. ಹೊಳೆಆಲೂರಿನಲ್ಲಿ 1906ರಲ್ಲಿ ಹುಟ್ಟಿ, 1930ರ ದಶಕದಲ್ಲಿ ವಿಲಿಂಗ್ಡನ್ ಸೇರಿ, ಸುಮಾರು ಮೂರು ದಶಕ ಅಲ್ಲೇ ಕನ್ನಡ ಕಲಿಸಿದರು. ‘ರಸಿಕರಂಗ’ ಕಾವ್ಯನಾಮದ ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ 1953ರಲ್ಲಿ ಬಂತು, 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕನ್ನಡ ಎಂ.ಎ. ಓದಿದ ಎಷ್ಟು ಪೀಳಿಗೆಗಳು ಆ ಪುಸ್ತಕವನ್ನು ನೆಚ್ಚಿಕೊಂಡಿದ್ದವು! ಪಂಪನಿಂದ ಹೊಸಗನ್ನಡದವರೆಗೆ ನಮ್ಮ ಸಾಹಿತ್ಯವನ್ನು ಒಂದೇ ನೋಟದಲ್ಲಿ ಹಿಡಿದ ಆ ಪುಸ್ತಕದ ಕರ್ತೃ ಮೈಸೂರಿನಿಂದ, ಧಾರವಾಡದಿಂದ ದೂರ, ಮರಾಠಿ ಸಂತೆಯಲ್ಲಿ ತರಕಾರಿ ಕೊಳ್ಳುವ ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ದೂರದಲ್ಲಿದ್ದದ್ದು ಅವರಿಗೆ ಅಡ್ಡಿಯಾಗಲಿಲ್ಲ. ಯಾವ ಪಂಗಡದ ಒತ್ತಡವೂ ಇಲ್ಲದೆ ಇಡೀ ಕನ್ನಡವನ್ನು ನೋಡಲು ಅದು ನೆರವಾಯಿತೆಂದೇ ನನ್ನ ನಂಬಿಕೆ.

ಈ ಕಾಲೇಜಿನಲ್ಲಿ ಓದಿದವರಲ್ಲಿ ರಾಣೇಬೆನ್ನೂರಿನ ಹುಡುಗ ಸು. ರಂ. ಎಕ್ಕುಂಡಿಯೂ ಒಬ್ಬರು. 1940ರ ದಶಕದಲ್ಲಿ ಸಾಂಗ್ಲಿಯಿಂದ ಪದವಿ ಪಡೆದು ಹೊರಬಿದ್ದ ಅವರು ತಮ್ಮ ಸೀಮೆಗೆ ಮರಳಲಿಲ್ಲ, ಉತ್ತರ ಕನ್ನಡದ ಕರಾವಳಿಯ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿಗೆ ಇಂಗ್ಲಿಷ್ ಕಲಿಸಲು ಹೋದರು. ಬಯಲುಸೀಮೆಯವರಿಗೆ ಆ ಮಳೆ, ಆ ಕಡಲು, ಅಲ್ಲಿಯ ಮಾತಿನ ಧಾಟಿ ಎಲ್ಲ ಹೊಸದು. ಮೂರು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಕಲಿಸಿದರು, ಮುಖ್ಯಾಧ್ಯಾಪಕರೂ ಆದರು. ಅಲ್ಲಿಯ ಬಡ ಜನ ಅವರ ಕಥನ ಕವನಗಳೊಳಗೆ ಬಂದು ಕೂತರು. ‘ಬಕುಲದ ಹೂವುಗಳು’ ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.