ಗೊರಕೆಗೂ ಉಂಟು ಜಗತ್ತಿನ ಲೆಕ್ಕ

ಬಸವನಗುಡಿಯ ಹಳೆಯ ಮನೆಯೊಂದನ್ನು ಕಣ್ಮುಂದೆ ತಂದುಕೊಳ್ಳಿ. ರಾತ್ರಿ ಊಟ ಮುಗಿದು ಎಲ್ಲರೂ ಮಲಗಿದ್ದಾರೆ. ಯಜಮಾನರಿಗೆ ತಲೆ ದಿಂಬಿಗೆ ತಾಗಿದೊಡನೆ ಗೊರಕೆ. ನಡುಮನೆಯಲ್ಲಿ ಮಲಗಿದ ಮೊಮ್ಮಕ್ಕಳಿಗೆ ಅದೊಂದು ತಮಾಷೆ. ಪಕ್ಕದಲ್ಲಿರುವ ಮನೆಯಾಕೆಗೆ ಮಾತ್ರ ತಮಾಷೆಯಲ್ಲ. ಏರುತ್ತಾ ಹೋದ ಗೊರಕೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಉಸಿರೂ ಇಲ್ಲ. ಆಕೆ ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕಾಯುತ್ತಾರೆ. ಇಪ್ಪತ್ತು ಸೆಕೆಂಡು ಕಳೆದ ಮೇಲೆ ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಬೆಳಿಗ್ಗೆ ಕೇಳಿದರೆ, "ನನಗೇನು, ಚೆನ್ನಾಗಿ ನಿದ್ದೆ ಬಂತಲ್ಲ!" ಎನ್ನುವ ಯಜಮಾನರು ಹತ್ತು ಗಂಟೆಗೆಲ್ಲ ಪತ್ರಿಕೆ ಹಿಡಿದು ಕುಳಿತಲ್ಲೇ ತೂಕಡಿಸುತ್ತಾರೆ.

ನಿದ್ದೆಯಲ್ಲಿ ಹೀಗೆ ಪದೇ ಪದೇ ಉಸಿರು ಕಟ್ಟುವುದನ್ನು ವೈದ್ಯರು 'ಸ್ಲೀಪ್ ಆಪ್ನಿಯ' ಎನ್ನುತ್ತಾರೆ. ನಿದ್ದೆ ಬಂದಾಗ ಗಂಟಲಿನ ಸ್ನಾಯುಗಳು ಸಡಿಲವಾಗುತ್ತವೆ. ಕೆಲವರಲ್ಲಿ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮೆದುಳು ಗಾಬರಿಗೊಂಡು ಅರೆಕ್ಷಣ ಎಚ್ಚರಿಸುತ್ತದೆ. ಮಲಗಿದವರಿಗೆ ಇದರ ನೆನಪಿರುವುದಿಲ್ಲ. ಹೀಗೆ ರಾತ್ರಿಯಿಡೀ ನಡೆದರೆ ರಕ್ತದ ಒತ್ತಡ ಏರಬಹುದು, ಹೃದಯಕ್ಕೆ ಶ್ರಮವಾಗಬಹುದು. ಹಗಲಿನಲ್ಲಿ ವಾಹನ ನಡೆಸುವಾಗ ಕಣ್ಣು ಮುಚ್ಚಿದರಂತೂ ಅಪಾಯ ಇನ್ನೊಬ್ಬರಿಗೂ ಹೌದು.

ಈ ತೊಂದರೆಯನ್ನು ಇಂದು ನಮ್ಮ ಬೆಂಗಳೂರಿನಲ್ಲೇ ಪರೀಕ್ಷಿಸಿ ಚಿಕಿತ್ಸೆ ಕೊಡುತ್ತಾರೆ. ಆದರೆ ಈ ವಿದ್ಯೆ ಒಂದು ದೇಶದಲ್ಲಿ ಹುಟ್ಟಿದ್ದಲ್ಲ. ಹಲವು ದೇಶಗಳ ವೈದ್ಯರು ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಕೈಜೋಡಿಸಿದ್ದರಿಂದ ಬೆಳೆದದ್ದು. ಅದು ಹೇಗೆಂದು ತಿಳಿದರೆ, ವೈದ್ಯರು ನಿಮ್ಮನ್ನು ಏಕೆ ಅಷ್ಟೊಂದು ಪ್ರಶ್ನೆ ಕೇಳುತ್ತಾರೆ, ಏಕೆ ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿ ಎನ್ನುತ್ತಾರೆ ಎಂಬುದೂ ಅರ್ಥವಾಗುತ್ತದೆ.

ಎಲ್ಲರಿಗೂ ಒಂದೇ ಅಳತೆಗೋಲು

ಮೆದುಳಿನ ವಿದ್ಯುತ್ ಅಲೆಗಳನ್ನು ಮನುಷ್ಯರಲ್ಲಿ ದಾಖಲಿಸಿ 1929ರಲ್ಲಿ ಪ್ರಕಟಿಸಿದವರು ಜರ್ಮನಿಯ ಹಾನ್ಸ್ ಬರ್ಗರ್. 1953ರಲ್ಲಿ ಅಮೆರಿಕದ ಶಿಕಾಗೋದಲ್ಲಿ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಅವರು, ನಿದ್ದೆಯ ನಡುವೆ ಕಣ್ಣುಗುಡ್ಡೆಗಳು ಸರಸರನೆ ಹೊರಳಾಡುವ ಹಂತವೊಂದಿದೆ ಎಂದು ತೋರಿಸಿದರು. ಕನಸುಗಳು ಹೆಚ್ಚಾಗಿ ಬೀಳುವುದು ಆ ಹಂತದಲ್ಲೇ. 1965ರಲ್ಲಿ ಫ್ರಾನ್ಸಿನ ಮತ್ತು ಜರ್ಮನಿಯ ವೈದ್ಯರು, ಒಬ್ಬರನ್ನೊಬ್ಬರು ಅವಲಂಬಿಸದೆಯೇ, ನಿದ್ದೆಯಲ್ಲಿ ಉಸಿರು ಕಟ್ಟುವುದನ್ನು ಯಂತ್ರದಲ್ಲಿ ದಾಖಲಿಸಿ ವಿವರಿಸಿದರು.

ಇಷ್ಟಾದರೂ ಒಂದು ತೊಡಕು ಉಳಿದಿತ್ತು. ಒಂದು ಪ್ರಯೋಗಾಲಯದವರು 'ಗಾಢ ನಿದ್ದೆ' ಎಂದದ್ದನ್ನು ಇನ್ನೊಂದರವರು ಹಾಗೆಂದು ಒಪ್ಪುತ್ತಿರಲಿಲ್ಲ. ಗಾಂಧಿಬಜಾರಿನ ಅಂಗಡಿಗಳಲ್ಲಿ ಒಬ್ಬೊಬ್ಬರು ಒಂದೊಂದು ತೂಕದ ಬಟ್ಟು ಇಟ್ಟುಕೊಂಡಿದ್ದರೆ ಹೇಗಾದೀತು? ಹಾಗೆ. ಈ ಗೊಂದಲ ತೀರಿಸಲು 1968ರಲ್ಲಿ ರೆಕ್ಟ್‌ಶಾಫೆನ್ ಮತ್ತು ಕೇಲ್ಸ್ ಅವರ ಸಂಪಾದಕತ್ವದಲ್ಲಿ ಒಂದು ಕೈಪಿಡಿ ಹೊರಬಂತು. ಲೋಕದ ನಿದ್ರಾ ಪ್ರಯೋಗಾಲಯಗಳು ಅದನ್ನೇ ಅನುಸರಿಸಿದವು. 2007ರಲ್ಲಿ ಅಮೆರಿಕದ ತಜ್ಞರ ಸಂಘ ಅದನ್ನು ಪರಿಷ್ಕರಿಸಿತು. ಇಂದು ರಾತ್ರಿಯ ದಾಖಲೆಯನ್ನು 30 ಸೆಕೆಂಡಿನ ತುಂಡುಗಳಾಗಿ ಮಾಡಿ ನೋಡುತ್ತಾರೆ. ಎಂಟು ಗಂಟೆಯ ನಿದ್ದೆಗೆ 960 ತುಂಡುಗಳು!

ಉಸಿರು ಕಟ್ಟುವುದಕ್ಕೂ ಇಂಥದೇ ಲೆಕ್ಕವಿದೆ. ಕನಿಷ್ಠ 10 ಸೆಕೆಂಡು ಉಸಿರು ನಿಂತರೆ ಅಥವಾ ತೀರ ಕುಗ್ಗಿದರೆ ಅದನ್ನು ಒಂದು ಎಂದು ಎಣಿಸುತ್ತಾರೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ದೊಡ್ಡವರಲ್ಲಿ ಸಹಜ. 5ರಿಂದ 15 ಅಲ್ಪ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ಆದ್ದರಿಂದಲೇ ಜಯನಗರದಲ್ಲಿ ಮಾಡಿಸಿದ ವರದಿಯನ್ನು ಸಿಡ್ನಿಯಲ್ಲಿರುವ ನಿಮ್ಮ ಮಗನ ವೈದ್ಯರು ಓದಿ ಅರ್ಥ ಮಾಡಿಕೊಳ್ಳಬಲ್ಲರು.

ಬೆಂಗಳೂರಿನ ಪಾಲು

ಈ ವಿನಿಮಯದಲ್ಲಿ ನಾವು ಪಡೆದವರಷ್ಟೇ ಅಲ್ಲ, ಕೊಟ್ಟವರೂ ಹೌದು. ಲಾಲ್‌ಬಾಗಿನ ಆಚೆ, ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಸಂಶೋಧಕರು ಧ್ಯಾನ ಮಾಡುವವರ ಮತ್ತು ಮಾಡದವರ ನಿದ್ದೆಯನ್ನು ಇಡೀ ರಾತ್ರಿ ದಾಖಲಿಸಿ ಹೋಲಿಸಿದರು. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುವುದು ಸಹಜ. 31ರಿಂದ 55 ವರ್ಷದ, ಧ್ಯಾನ ಮಾಡದವರಲ್ಲಿ ಅದು ಶೇ. 3.7ರಷ್ಟು ಮಾತ್ರ ಇತ್ತು. ಅದೇ ವಯಸ್ಸಿನ ಧ್ಯಾನಿಗಳಲ್ಲಿ ಸುಮಾರು ಶೇ. 12ರಷ್ಟಿತ್ತು. 2006ರಲ್ಲಿ ಈ ಅಧ್ಯಯನ ಜಪಾನಿನ ನಿದ್ರಾ ಸಂಶೋಧನಾ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಳತೆಗೋಲು ಒಂದೇ ಆಗಿದ್ದರಿಂದ ಹೊರದೇಶದವರೂ ಇದನ್ನು ತಮ್ಮ ಲೆಕ್ಕದೊಂದಿಗೆ ಹೋಲಿಸಿ ನೋಡಬಹುದಾಯಿತು. ಆದರೆ ಒಂದು ಮಾತು: ಧ್ಯಾನದಿಂದಲೇ ಹೀಗಾಯಿತೆಂದು ಇದೊಂದರಿಂದ ಹೇಳಲಾಗದು. ಧ್ಯಾನ ಮಾಡಿದರೆ ಮುಚ್ಚಿದ ಗಂಟಲು ತೆರೆಯುತ್ತದೆ ಎಂದೂ ತಿಳಿಯಬೇಡಿ.

ತೆಳ್ಳಗಿದ್ದರೂ ಬರಬಹುದು

"ದಪ್ಪಗಿರುವವರಿಗೆ ತಾನೆ ಈ ಕಾಯಿಲೆ?" ಎಂದು ಕೇಳುವವರಿದ್ದಾರೆ. ಬೊಜ್ಜು ಮುಖ್ಯ ಕಾರಣ ಹೌದು. ಆದರೆ ಸಿಡ್ನಿ ಮತ್ತು ಹಾಂಗ್‌ಕಾಂಗ್‌ನ ವೈದ್ಯರು ತಮ್ಮ ರೋಗಿಗಳನ್ನು ಹೋಲಿಸಿ 2010ರಲ್ಲಿ ಬೇರೊಂದು ವಿಷಯ ತಿಳಿಸಿದರು. ಕಾಯಿಲೆ ಒಂದೇ ಮಟ್ಟದಲ್ಲಿದ್ದಾಗ ಬಿಳಿಯರಲ್ಲಿ ಬೊಜ್ಜು ಹೆಚ್ಚಿತ್ತು. ಚೀನೀಯರಲ್ಲಿ ದವಡೆ ಮತ್ತು ಮುಖದ ಮೂಳೆಗಳ ಇಕ್ಕಟ್ಟು ಹೆಚ್ಚಿತ್ತು. ಒಂದೇ ದೇಶದಲ್ಲಿ ಕುಳಿತಿದ್ದರೆ ಈ ಸಂಗತಿ ಹೊಳೆಯುವುದು ಕಷ್ಟವಿತ್ತು. ಆದ್ದರಿಂದ ತೆಳ್ಳಗಿದ್ದೀರೆಂದು ಲಕ್ಷಣಗಳನ್ನು ಅಲಕ್ಷಿಸಬೇಡಿ.

ಚಿಕಿತ್ಸೆಯೂ ದೂರದಿಂದ ಬಂದದ್ದೇ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಮೂಗಿನ ಮೂಲಕ ಸತತ ಒತ್ತಡದಲ್ಲಿ ಗಾಳಿ ಹಾಯಿಸಿ ಗಂಟಲು ಮುಚ್ಚದಂತೆ ಮಾಡುವ ವಿಧಾನವನ್ನು ಐವರು ರೋಗಿಗಳ ಮೇಲೆ ಪರೀಕ್ಷಿಸಿ ಪ್ರಕಟಿಸಿದರು. ಅದೇ ಇಂದಿನ 'ಸಿಪ್ಯಾಪ್' ಯಂತ್ರ. ಈಗ ನಿದ್ರಾತಜ್ಞರ ಎರಡು ಜಾಗತಿಕ ಸಂಘಗಳು ಸೇರಿ 2016ರಲ್ಲಿ ವರ್ಲ್ಡ್ ಸ್ಲೀಪ್ ಸೊಸೈಟಿ ಆಗಿದೆ. ಅದರ ಸಮ್ಮೇಳನ 2017ರಲ್ಲಿ ಪ್ರಾಗ್‌ನಲ್ಲಿ, 2025ರಲ್ಲಿ ಸಿಂಗಪುರದಲ್ಲಿ ನಡೆಯಿತು. 2008ರಿಂದ ಪ್ರತಿ ಮಾರ್ಚ್‌ನಲ್ಲಿ ವಿಶ್ವ ನಿದ್ರಾ ದಿನ ಆಚರಿಸಲಾಗುತ್ತಿದೆ. ನಮ್ಮ ದೇಶದ ತಜ್ಞರೂ 2014ರಲ್ಲಿ ಇಲ್ಲಿಗೆ ಹೊಂದುವ ಮಾರ್ಗಸೂಚಿಗಳನ್ನು ಪ್ರಕಟಿಸಿದ್ದಾರೆ.

ನೀವೇನು ಮಾಡಬೇಕು?

ಟೊರಾಂಟೋದ ವೈದ್ಯರು ಶಸ್ತ್ರಚಿಕಿತ್ಸೆಗೆ ಬರುವ ರೋಗಿಗಳಿಗಾಗಿ 2008ರಲ್ಲಿ ರೂಪಿಸಿದ ಎಂಟು ಪ್ರಶ್ನೆಗಳು ಈಗ ಎಲ್ಲೆಡೆ ಬಳಕೆಯಲ್ಲಿವೆ. ಮನೆಯಲ್ಲಿ ನೀವೇ ಕೇಳಿಕೊಳ್ಳಬಹುದು: ಗೊರಕೆ ಜೋರಾಗಿದೆಯೇ? ಹಗಲಿನಲ್ಲಿ ಆಯಾಸ, ತೂಕಡಿಕೆ ಇದೆಯೇ? ನಿದ್ದೆಯಲ್ಲಿ ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದಾರೆಯೇ? ರಕ್ತದೊತ್ತಡ ಇದೆಯೇ? ಮೈತೂಕ ಬಹಳ ಹೆಚ್ಚೇ? ವಯಸ್ಸು 50 ದಾಟಿದೆಯೇ? ಕುತ್ತಿಗೆಯ ಸುತ್ತಳತೆ 40 ಸೆಂಟಿಮೀಟರಿಗಿಂತ ಹೆಚ್ಚೇ? ಗಂಡಸೇ? ಮೂರಕ್ಕೋ ಅದಕ್ಕಿಂತ ಹೆಚ್ಚಿಗೋ 'ಹೌದು' ಎಂದಾದರೆ ವೈದ್ಯರನ್ನು ಕಾಣಿ. ತಪಾಸಣೆಗೆ ಮುನ್ನ ನೀವಾಗಿಯೇ ನಿದ್ದೆಮಾತ್ರೆ ನುಂಗಬೇಡಿ; ಅದೂ ಮದ್ಯವೂ ಗಂಟಲನ್ನು ಇನ್ನಷ್ಟು ಸಡಿಲಗೊಳಿಸಬಹುದು. ತೂಕ ಇಳಿಸುವುದು, ಅಂಗಾತ ಮಲಗದೆ ಮಗ್ಗುಲಾಗಿ ಮಲಗುವುದು ಹಲವರಿಗೆ ಸಹಾಯಕ.

ವೈದ್ಯರ ಬಳಿ ಹೋಗುವಾಗ ಪಕ್ಕದಲ್ಲಿ ಮಲಗುವವರನ್ನೂ ಕರೆದುಕೊಂಡು ಹೋಗಿ. ಆ ಎಂಟರಲ್ಲಿ ಒಂದು ಪ್ರಶ್ನೆಗಂತೂ ಮಲಗಿದವರು ಉತ್ತರ ಹೇಳಲಾರರು. ಎಷ್ಟೇ ದೇಶಗಳ ತಜ್ಞರು ಕೂಡಿ ಕೆಲಸ ಮಾಡಿದರೂ, ಕತ್ತಲಲ್ಲಿ ಎಚ್ಚರವಾಗಿದ್ದು ಉಸಿರು ಎಣಿಸಿದ ಮನೆಯಾಕೆಯ ಮಾತಿನಿಂದಲೇ ಅವರ ಕೆಲಸ ಶುರುವಾಗಬೇಕು.